ತಮ್ಮ ಉತ್ತ ಮೂಲೆ

ಈ ಸಲ ಹೊಲ ಉಳುವುದಿಲ್ಲ, ಹಳೇ ಬೆಳೆಯ ಕೂಳೆಯ ನಡುವೆಯೇ ಜೋಳ ಬಿತ್ತುತ್ತೇನೆ ಎಂದು ಅಕ್ಕ ಹಟ ಹಿಡಿದಳು. ಊರೆಲ್ಲ ಆಡಿಕೊಂಡಿತು. ಟ್ರ್ಯಾಕ್ಟರ್ ಓಡಿಸುವ ತಮ್ಮನಿಗೆ ತಲೆ ಎತ್ತಿ ತಿರುಗಲಾಗಲಿಲ್ಲ; ಅವಳಿಲ್ಲದ ಹೊತ್ತು ನೋಡಿ ಒಂದು ಮೂಲೆಯನ್ನು ಚೊಕ್ಕಟವಾಗಿ ಉತ್ತುಬಿಟ್ಟ.

ಬಿತ್ತಿದ ಮೇಲೆ ಮಳೆ ಕೈಕೊಟ್ಟಿತು. ಕೂಳೆ ಹೊದ್ದ ನೆಲ ಮಾತ್ರ ತೇವ ಬಿಟ್ಟುಕೊಡಲಿಲ್ಲ. ಜೋಳ ಆಳೆತ್ತರ ಬೆಳೆಯಿತು. ಚೀಲ ಸಾಲದೆ ಅಕ್ಕ ದಿಂಬಿನ ಕವರುಗಳಿಗೂ ಕಾಳು ತುಂಬಿ, ನಗು ತಡೆಯಲಾರದೆ ರಾಶಿಯ ಮೇಲೇ ಕುಸಿದಳು. ತಮ್ಮ ಉತ್ತ ಮೂಲೆಯಲ್ಲಿ ದಂಟು ಮೊಣಕಾಲನ್ನೂ ದಾಟಿರಲಿಲ್ಲ.

"ನಿನ್ ಮರ್ಯಾದೆ ಉಳಿಸೋಣ ಅಂತ ಉತ್ತೆ ಅಕ್ಕ," ಎಂದ ತಮ್ಮ, ನೆಲ ನೋಡುತ್ತ.

"ಗೊತ್ತು ಕಣೋ. ಮುಂದಿನ ಸಲ ಅಕ್ಕರೆ ಉಕ್ಕಿದ್ರೆ ಟ್ರ್ಯಾಕ್ಟರ್ ತರ್ಬೇಡ, ನಿಮ್ಮನೆ ದಿಂಬಿನ ಕವರ್ ತಗೊಂಡ್ ಬಾ."