ನೋರಾಳ ಊರಿನ ಮಂದಿ

ಕಲ್ಲಯ್ಯ ಲಂಡನ್ನಿನ ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗಲೇ ಕುಸಿದು ತೀರಿಕೊಂಡ. ೧೯೯೬ರ ಮಾರ್ಚ್ ತಿಂಗಳು. ಸುದ್ದಿ ತಂದ ಸೂಪರ್‌ವೈಸರ್‌ಗೆ ಹೆಂಡತಿ ರತ್ನವ್ವ ಚಹಾ ಮಾಡಿಕೊಟ್ಟಳು. ಅವನು ಹೋದ ಮೇಲೆ ಕಪ್ಪು ತೊಳೆದಿಟ್ಟು, ಹನ್ನೆರಡು ವರ್ಷದ ಮಗಳು ಸ್ಫೂರ್ತಿ ಶಾಲೆಯಿಂದ ಬರುವುದನ್ನು ಕಾಯುತ್ತ ಕುಳಿತಳು. ಅಳು ಬರಲಿಲ್ಲ. ಮೈಯೆಲ್ಲ ಜೋಮು ಹಿಡಿದಂತಿತ್ತು.

ಮರಣೋತ್ತರ ಪರೀಕ್ಷೆಯಿಂದಾಗಿ ದೇಹ ಕೈಗೆ ಸಿಗಲು ಒಂಬತ್ತು ದಿನ ಹಿಡಿಯಿತು. ಎರಡನೆಯ ದಿನ ಸಟನ್‌ನಿಂದ ಕಲ್ಲಯ್ಯನ ಚಿಕ್ಕಪ್ಪನ ಮಗ, ಡಾಕ್ಟರ್ ಶಿವಪ್ರಕಾಶ ಬಂದ.

"ಇಲ್ಲೆ ಎಲ್ಲಾರೂ ಸುಡತಾರ, ವೈನಿ. ಲಗೂನ ಮುಗೀತೈತಿ."

"ನಮ್ಮಾಗ ಮಣ್ಣ ಮಾಡತಾರ," ಎಂದಳು ರತ್ನವ್ವ.

"ಖರೆ. ಆದ್ರ ಮಣ್ಣ ಕೊಡಾಕ ಮಂದಿ ಬೇಕಲ್ಲ? ನಮ್ಮವರು ಅಂತ ಇಲ್ಲೆ ಯಾರದಾರ?"

ಅಷ್ಟರಲ್ಲಿ ಮೇಲಿನ ಫ್ಲಾಟಿನ ನೋರಾ ಆಲೂಗಡ್ಡೆ ಸೂಪಿನ ಪಾತ್ರೆ ಹಿಡಿದು ಬಂದಳು. ಅರವತ್ತು ದಾಟಿದ ಐರಿಶ್ ಹೆಂಗಸು. ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ. ಏನು ಮಾತು ನಡೆದಿದೆ ಎಂದು ಕೇಳಿದಾಗ ಸ್ಫೂರ್ತಿ ಇಂಗ್ಲಿಷಿನಲ್ಲಿ ವಿವರಿಸಿದಳು.

"ಇಷ್ಟೇನಾ? ನಮ್ಮೂರವರಿಗೆ ಹೇಳುತ್ತೇನೆ," ಎಂದಳು ನೋರಾ.

ಅವಳ ಊರು ಐರ್ಲೆಂಡಿನ ಮೇಯೋ ಸೀಮೆಯಲ್ಲಿ, ಜೌಗುನೆಲದ ಅಂಚಿನಲ್ಲಿತ್ತು. ಮೂವತ್ತು ಮನೆ, ಒಂದು ಚರ್ಚು, ಕಿರಾಣಿಯನ್ನೂ ಮಾರುವ ಒಂದು ಪಬ್ಬು. ಅಲ್ಲಿ ಸತ್ತವರ ಗುಂಡಿಯನ್ನು ನೆರೆಯವರೇ ತೋಡಬೇಕು. ಸಾವಾದ ಮನೆಯವರನ್ನು ಒಂಟಿಯಾಗಿ ಬಿಡುವಂತಿಲ್ಲ. ಊರಿನ ಅರ್ಧ ಮಂದಿ ಈಗ ಲಂಡನ್ನಿನ ಕ್ರಿಕಲ್‌ವುಡ್, ಕಿಲ್ಬರ್ನ್‌ಗಳಲ್ಲಿದ್ದರು.

ಮರುದಿನದಿಂದ ಅವರು ಸಂಜೆಯಾದರೆ ಬರತೊಡಗಿದರು. ಒಬ್ಬರೂ ಕಲ್ಲಯ್ಯನನ್ನು ಕಂಡವರಲ್ಲ. ಮಂಚದ ಮೇಲೆ, ನೆಲದ ಮೇಲೆ, ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿದರು. ಚರ್ಚಿನೊಳಗೆ ನುಗ್ಗಿದ ಆಕಳ ಕತೆ ಹೇಳಿ ನಕ್ಕರು, ಆಮೇಲೆ ತಗ್ಗಿದ ದನಿಯಲ್ಲಿ ಪ್ರಾರ್ಥನೆ ಹೇಳಿಕೊಂಡರು. ಜೀವಮಾನವಿಡೀ ಲಂಡನ್ನಿನ ರಸ್ತೆ ಅಗೆದಿದ್ದ ಮಾರ್ಟಿನ್ ಎಂಬ ಮುದುಕ ರತ್ನವ್ವನ ಕಡೆ ಬಾಗಿ ಕೇಳಿದ:

"ಅವರದು ಯಾವ ಊರು?"

ಲಂಡನ್ನಿಗೆ ಬಂದ ಹನ್ನೊಂದು ವರ್ಷದಲ್ಲಿ ಎಲ್ಲರೂ ಅವಳನ್ನು ಯಾವ ದೇಶ ಎಂದು ಕೇಳಿದ್ದರೇ ಹೊರತು ಊರು ಕೇಳಿರಲಿಲ್ಲ. ಅವಳು ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದಳು: ಸವದತ್ತಿ ಹತ್ತಿರ, ಇನ್ನೂರು ಮನೆ, ಒಂದು ಮಠ, ದಿನಕ್ಕೆ ಎರಡು ಬಸ್ಸು.

"ಬಸ್ಸು ಬರುತ್ತದೆಯೇ? ಹಾಗಾದರೆ ನಮಗಿಂತ ದೊಡ್ಡ ಊರು," ಎಂದ ಮಾರ್ಟಿನ್.

ತಾನು ಊರಿನ ಬಗ್ಗೆ ಹೇಳಿದ್ದು ಬೇರೆ ಯಾರದೋ ಕಾಗದ ಓದಿ ಹೇಳಿದಂತಿತ್ತು ಅವಳಿಗೆ. ಗಂಡನ ಮುಖ ನೆನಪಿಸಿಕೊಳ್ಳಲು ನೋಡಿದಳು. ಮುಖ ಬಂತು, ಜತೆಗೆ ಬೇರೇನೂ ಬರಲಿಲ್ಲ.

ಹತ್ತನೆಯ ದಿನ ಕೌನ್ಸಿಲ್ಲಿನ ಸ್ಮಶಾನಕ್ಕೆ ಹೋದರು. ಗುಂಡಿಯನ್ನು ಯಂತ್ರ ತೋಡಿತ್ತು. ತಮ್ಮ ಪದ್ಧತಿಯಂತೆ ಕೂಡ್ರಿಸಿ ಮಣ್ಣು ಮಾಡಲು ಅನುಮತಿ ಸಿಗಲಿಲ್ಲ, ಮಲಗಿಸಬೇಕಾಯಿತು. ಶಿವಪ್ರಕಾಶ ಅಣ್ಣನ ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟ. ಪೆಟ್ಟಿಗೆ ಕೆಳಗಿಳಿದ ಮೇಲೆ ಯಂತ್ರದವನು ಮುಂದೆ ಬರಲಿಲ್ಲ. ನೋರಾ ಮೊದಲೇ ಕೌನ್ಸಿಲ್ಲಿಗೆ ಫೋನು ಮಾಡಿ ಒಪ್ಪಿಸಿದ್ದಳು. ಮಾರ್ಟಿನ್ ಮತ್ತು ಏಳು ಮಂದಿ ಗಂಡಸರು ಕೋಟು ಕಳಚಿ, ತಾವೇ ತಂದಿದ್ದ ಸಲಿಕೆ ಹಿಡಿದು ಮಣ್ಣೆಳೆಯತೊಡಗಿದರು. ನೋಡುತ್ತ ನಿಂತಿದ್ದ ಶಿವಪ್ರಕಾಶ ಸ್ವಲ್ಪ ಹೊತ್ತಿನ ಮೇಲೆ ತಾನೂ ಕೋಟು ತೆಗೆದ. ಅವನಿಗೆ ಸಲಿಕೆ ಹಿಡಿಯಲು ಬರುತ್ತಿರಲಿಲ್ಲ. ಮಾರ್ಟಿನ್ ಅವನ ಕೈ ಸರಿಪಡಿಸಿದ. ಅರ್ಧ ಗುಂಡಿ ತುಂಬುವಷ್ಟರಲ್ಲಿ ಶಿವಪ್ರಕಾಶ ಬಿಕ್ಕಿಬಿಕ್ಕಿ ಅಳುತ್ತಿದ್ದ.

ಮುಗಿದ ಮೇಲೆ ಎಲ್ಲರೂ ಸಾಲಾಗಿ ಬಂದು ರತ್ನವ್ವನ ಕೈ ಕುಲುಕಿದರು. ಒಬ್ಬೊಬ್ಬರದೂ ಅದೇ ಮಾತು: "ನಿಮ್ಮ ಕಷ್ಟಕ್ಕೆ ಮರುಗುತ್ತೇವೆ." ಅವಳು ಪ್ರತಿಯೊಬ್ಬರಿಗೂ ತಲೆಯಾಡಿಸಿದಳು.

ಮನೆಯಲ್ಲಿ ನೋರಾ ಬ್ರೆಡ್ಡು, ಚೀಸು, ಬೇಯಿಸಿದ ಬಟಾಣಿ ಹರಡಿಟ್ಟಿದ್ದಳು. ಸ್ಫೂರ್ತಿ ಅಮ್ಮನ ತೋಳು ಹಿಡಿದು ಕೇಳಿದಳು: "ಅವ್ವಾ, ಆರ್ ಯೂ ಓಕೆ?"

"ಗೊತ್ತಿಲ್ಲವ್ವಾ. ಹಸಿವಾಗೈತಿ."

ಹಸಿವಾಗಿ ಎಷ್ಟು ದಿನವಾಗಿತ್ತೋ. ಅವಳು ತಟ್ಟೆ ತುಂಬ ಬಡಿಸಿಕೊಂಡು ಮಾರ್ಟಿನ್ನನ ಪಕ್ಕದಲ್ಲಿ ಕುಳಿತು ತಿಂದಳು, ಇನ್ನೊಮ್ಮೆ ಹಾಕಿಸಿಕೊಂಡಳು. ಸುತ್ತಲಿನವರು ಯಾವುದೋ ಮಾತಿಗೆ ನಗುತ್ತಿದ್ದರು. ಅವಳು ನಗಲಿಲ್ಲ, ಎದ್ದೂ ಹೋಗಲಿಲ್ಲ.