ಎರಡಿಂಚಿನ ಎತ್ತರ

ಜಪಾನಿನ ಹದಾನೋ ಊರಿನ ಬಾಡಿಗೆ ಮನೆಯ ಮುಂದೆ ನಿಂತಿದ್ದ ಹಳೆಯ ಜೀಪನ್ನು ಒಯ್ಯಲು, ಅದನ್ನು ಕೊಂಡಿದ್ದ ಕೊಮೋರಿ ಸಾನ್ ಭಾನುವಾರ ಬೆಳಗ್ಗೆ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಗಂಡ ವಿಘ್ನೇಶ್ ತೀರಿಕೊಂಡು ನಲವತ್ತು ದಿನವಾಗಿತ್ತು. ಅಪರ್ಣಾಳಿಗೆ ಆ ಗಾಡಿ ಕಣ್ಣೆದುರು ಇರುವುದೇ ಬೇಡವಾಗಿತ್ತು.

ಅವಳ ತಂದೆ ರಾಮಪ್ರಸಾದರು ಜಪ ಮುಗಿಸಿ ಹೊರಬಂದರು. ದಾವಣಗೆರೆಯ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಮೇಸ್ತ್ರಿಯಾಗಿದ್ದವರು. ಶ್ರಾವಣ ಮುಗಿಯುವಾಗ ಇಲ್ಲಿಗೆ ಬಂದವರು, ಕಾಡುದಾರಿಗೆ ದೊಡ್ಡ ಚಕ್ರ ಹಾಕಲೆಂದು ಅಳಿಯನ ಜೊತೆ ಸೇರಿ ಈ ಜೀಪಿನ ಮೈಯನ್ನು ಅಡಿಯ ಚಾಸಿ ಚೌಕಟ್ಟಿನಿಂದ ಎರಡಿಂಚು ಎತ್ತಿ ಕೂರಿಸಿದ್ದರು. ಮೈ ಮೇಲೇರಿತು, ಗೇರುಪೆಟ್ಟಿಗೆ ಇದ್ದಲ್ಲೇ ಉಳಿಯಿತು. ಹಾಗಾಗಿ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಸಣ್ಣ ಲಿವರು ನೆಲದ ತೂತಿನ ಅಂಚಿಗೆ ತಾಗಿ ನಿಲ್ಲುತ್ತಿತ್ತು. ಗೇರಿನ ಹಲ್ಲು ಪೂರ್ತಿ ಕಚ್ಚುತ್ತಿರಲಿಲ್ಲ. ಲಿವರು ಅಂಚಿಗೆ ತಾಗದಂತೆ ಅದಕ್ಕೆ ಜೋಡಿಸಲು ಬಾಗಿದ ಕಬ್ಬಿಣದ ತುಂಡೊಂದನ್ನು ಮಾಡಿಟ್ಟಿದ್ದರು. ಎರಡು ಬೋಲ್ಟು ಬಿಗಿಯುವುದಷ್ಟೇ ಬಾಕಿ.

ಅಷ್ಟರಲ್ಲಿ ಆಯುಧಪೂಜೆ ಬಂತು. ಡಿಪೋದ ವಾಡಿಕೆಯಂತೆ ರಾಮಪ್ರಸಾದರು ಸ್ಪ್ಯಾನರುಗಳನ್ನೆಲ್ಲ ತೊಳೆದು, ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದರು.

“ಮಾವ, ಒಂದೇ ಒಂದು ಕೊಡಿ. ನಿಮ್ ದೇವ್ರಿಗೆ ಹನ್ನೆರಡನೇ ನಂಬರ್ ಸ್ಪ್ಯಾನರ್ ಯಾಕೆ? ಸ್ವರ್ಗದಲ್ಲಿ ಗ್ಯಾರೇಜ್ ಇದ್ಯಾ?” ಎಂದು ವಿಘ್ನೇಶ್ ನಕ್ಕಿದ್ದ.

“ಪೂಜೆಗಿಟ್ಟಿದ್ದನ್ನ ಮುಟ್ಟಬಾರದಪ್ಪ. ನಾಳೆ ವಿಜಯದಶಮಿ, ನಾಳೆ ಮಾಡು.”

“ಓಕೆ ಬಾಸ್. ಇವತ್ತು ಹಿಂಗೇ ಒಂದ್ ರೌಂಡ್ ಹಾಕ್ಬರ್ತೀನಿ.”

ಬೆಟ್ಟದ ಇಳಿಜಾರಿನಲ್ಲಿ ಗಾಡಿಯನ್ನು ಗೇರಿನ ಹಿಡಿತದಲ್ಲೇ ನಿಲ್ಲಿಸಿ, ಚಕ್ರ ಎಲ್ಲಾದರೂ ಉಜ್ಜುತ್ತಿದೆಯೇ ಎಂದು ನೋಡಲು ಮುಂದೆ ಹೋಗಿದ್ದ. ಜೀಪು ಅವನ ಮೇಲೆ ಹರಿಯಿತು. ಅಜಾಗರೂಕತೆ ಎಂದು ಪೊಲೀಸರು ಬರೆದುಕೊಂಡರು. “ಗಾಡಿ ನೆಟ್ಟಗೆ ನಿಲ್ಸಕ್ಕೂ ಬರ್ಲಿಲ್ವಾ ಇವ್ನಿಗೆ?” ಎಂದು ಅಪರ್ಣಾ ಸತ್ತವನನ್ನು ಬೈದುಕೊಂಡೇ ಅಳುತ್ತಿದ್ದಳು.

ಪೊಲೀಸರು ಬಿಟ್ಟುಕೊಟ್ಟು ಜೀಪು ಮನೆಗೆ ಬಂದ ದಿನ ರಾಮಪ್ರಸಾದರು ಒಳಗೆ ಬಗ್ಗಿ ನೋಡಿದ್ದರು. ತೂತಿನ ಅಂಚಿನಲ್ಲಿ ಬಣ್ಣ ಕಿತ್ತು ತಗಡು ಹೊಳೆಯುತ್ತಿತ್ತು. ಲಿವರು ಅಲ್ಲಿ ತಡೆದು, ಗೇರು ಜಾರಿ, ಚಕ್ರಗಳಿಗೆ ಹಿಡಿತವೇ ತಪ್ಪಿತ್ತು. ಯಾರಿಗೂ ಹೇಳಲಿಲ್ಲ. ಮಾಡಿಟ್ಟಿದ್ದ ಆ ಬಾಗಿದ ತುಂಡನ್ನು ಕೂರಿಸಿ ಸುಮ್ಮನಿರೋಣವೆಂದು ಮೂರು ಸಲ ಹೋಗಿ, ಮೂರು ಸಲವೂ ಹಾಗೇ ಹಿಂದಿರುಗಿದ್ದರು.

“ಇವರು ನಾಳೇನೇ ತಮ್ಮ ಮಗಳನ್ನ ಕರ್ಕೊಂಡು ಬೆಟ್ಟಕ್ಕೆ ಹೋಗ್ತಾರಂತೆ,” ಎಂದಳು ಅಪರ್ಣಾ, ಕೀಲಿ ತೆಗೆಯುತ್ತ.

“ಕೀಲಿ ಕೊಡಬೇಡ.”

“ಅಪ್ಪ, ಪ್ಲೀಸ್. ಈಗ ಶುರು ಮಾಡ್ಬೇಡಿ.”

“ನಾನು ಹೇಳೋದನ್ನ ಅವರ ಭಾಷೇಲಿ ಹೇಳು. ಏನೂ ಬಿಡಬೇಡ. ಈ ಲಿವರು ಪೂರ್ತಿ ಕೂರಲ್ಲ.”

ಅವಳು ಹೇಳಿದಳು.

“ಇಳಿಜಾರಲ್ಲಿ ಗೇರು ತಾನಾಗೇ ಜಾರುತ್ತೆ.”

ಅದನ್ನೂ ಹೇಳಿದಳು, ನಿಧಾನವಾಗಿ.

“ಸರಿಮಾಡ್ತೀನಿ ಅಂತ ವಿಘ್ನೇಶ ಸ್ಪ್ಯಾನರು ಕೇಳಿದ. ಪೂಜೆ ಅಂತ ನಾನು ಕೊಡಲಿಲ್ಲ.”

ಅಪರ್ಣಾ ಅದನ್ನು ಜಪಾನಿಗೆ ತಿರುಗಿಸದೆ ಅಪ್ಪನತ್ತ ತಿರುಗಿದಳು. ಕೊಮೋರಿ ಸಾನ್ ಅವಳ ಮುಖವನ್ನೇ ನೋಡುತ್ತ ಕಾದರು.

“ಹಂಗಾದ್ರೆ ತಪ್ಪು ಅವನದ್ದಲ್ವಾ?”

“ಅಲ್ಲಮ್ಮ. ನನ್ನದು.”

ಅವಳು ಕೊಮೋರಿ ಸಾನ್ ಅವರತ್ತ ತಿರುಗಿ ಆ ಮಾತನ್ನೂ ಬಿಡದೆ ಹೇಳಿದಳು. ಅವರು ಟೋಪಿ ತೆಗೆದು ಸೊಂಟ ಬಗ್ಗುವಷ್ಟು ನಮಸ್ಕರಿಸಿ, “ಸುಮಿಮಾಸೆನ್,” ಕ್ಷಮಿಸಿ, ಎಂದು ಮೆಲ್ಲಗೆ ಅಂದು, ಜೀಪನ್ನು ಅಲ್ಲೇ ಬಿಟ್ಟು ಬಂದ ದಾರಿಯಲ್ಲೇ ಹೊರಟುಹೋದರು.

“ನಲವತ್ತು ದಿನ ಅವನನ್ನ ಬೈದೆ, ಅಪ್ಪ. ನೀವು ಪಕ್ಕದಲ್ಲೇ ಕೂತು ಕೇಳಿಸ್ಕೊಂಡ್ರಿ.”

ಅವಳು ಒಳಗೆ ಹೋದಳು. ರಾಮಪ್ರಸಾದರು ಅಂಗಳದಲ್ಲೇ ನಿಂತರು. ಒಳಗೆ ಬನ್ನಿ ಎಂದು ಮಧ್ಯಾಹ್ನದವರೆಗೂ ಯಾರೂ ಕರೆಯಲಿಲ್ಲ.