ಕೆರೆ ರಸ್ತೆಗೆ ತಿರುಗಿದ ಸೈಕಲ್ಲು

ನಮ್ಮೂರ ಪೇಟೆ ಬೀದಿಯಲ್ಲಿ ಈಗ ಎರಡೂ ಕಡೆಯಿಂದ ಗಾಡಿಗಳು ಓಡಾಡುತ್ತವೆ, ಸೈಕಲ್ಲಿಗಂತೂ ಯಾವ ಹೊತ್ತಿನಲ್ಲೂ ಅಡ್ಡಿಯಿಲ್ಲ. ಅದು ಹಾಗಾದದ್ದು ಹೇಗೆ ಎಂದು ಕೇಳಿದರೆ ಹಳಬರು ನನ್ನ ಹೆಸರು ಹೇಳಿ ಉಗುಳುತ್ತಾರೆ. ಉಗುಳಲಿ. ನಾನು ಶಿದ್ರಾಮ, ಆ ಬೀದಿಯ ಬಾಯಲ್ಲಿ ಕೆಂಪು ಬಾವುಟ ಹಿಡಿದು ನಿಂತಿದ್ದ ಜವಾನ. ಈ ಸಂಗತಿ ಯಾರ ಕಿವಿಗೆ ಬೀಳಬಾರದಾಗಿತ್ತೋ ಅವನು ಹೋದ ತಿಂಗಳು ತೀರಿಕೊಂಡ. ಅದಕ್ಕೇ ಈಗ ಬಾಯಿ ಬಿಡುತ್ತಿದ್ದೇನೆ.

ಹಿಡಕಲ್ ಅಣೆಕಟ್ಟಿನ ಕೆಲಸ ಶುರುವಾದಾಗ ಸಿಮೆಂಟಿನ ಲಾರಿಗಳು ಪೇಟೆಯೊಳಗೇ ನುಗ್ಗತೊಡಗಿದವು. ಬೀದಿಯೋ, ಎರಡು ಎತ್ತಿನ ಗಾಡಿ ಎದುರಾದರೆ ಯಾರದಾದರೂ ಕಟ್ಟೆಗೆ ಗಾಲಿ ತಾಗುವಷ್ಟು ಇಕ್ಕಟ್ಟು. ಪುರಸಭೆಯ ಸಾಹೇಬರು ತಲೆ ಕೆರೆದುಕೊಂಡು ಬೋರ್ಡು ಬರೆಸಿದರು: ಲಾರಿ, ಚಕ್ಕಡಿ, ಸೈಕಲ್ಲು ಯಾವುದೇ ಆಗಲಿ, ಪೂರ್ವದಿಂದ ಪಶ್ಚಿಮಕ್ಕೆ ಮಾತ್ರ. ಪಶ್ಚಿಮದಿಂದ ಬರುವವರು ಕೆರೆ ರಸ್ತೆ ಸುತ್ತಿ ಹೋಗಬೇಕು. ಅದು ಮೈಲಿಗೂ ಹೆಚ್ಚು, ತುಂಬ ಹೊಂಡ ಬಿದ್ದ ದಾರಿ. ಇಳಿದು ದೂಡಿಕೊಂಡು ಹೋಗುತ್ತೇನೆ ಎಂದರೂ ಕೇಳುವ ಹಾಗಿರಲಿಲ್ಲ.

ಪಶ್ಚಿಮದ ತುದಿಯಲ್ಲಿ ನಾನು, ಪೂರ್ವದ ತುದಿಯಲ್ಲಿ ದವಾಖಾನೆ. ನಿಂತಲ್ಲಿಂದ ಅದರ ಹೆಂಚು ಕಾಣುತ್ತಿತ್ತು. ಸಾಹೇಬರು ನನ್ನ ಕಿವಿಯಲ್ಲಿ ಒಂದು ಮಾತು ಹಾಕಿದ್ದರು: “ದವಾಖಾನಿಗೆ ಹೋಗೋರನ್ನ ಅಷ್ಟ ಬಿಡು. ಬೋರ್ಡಿನ ಮ್ಯಾಲೆ ಬರಸೋದು ಬ್ಯಾಡ. ಬರಸಿದ್ರ ಊರ ಮಂದಿಗೆಲ್ಲ ಹೊಟ್ಟಿಬ್ಯಾನಿ ಚಾಲೂ ಆಗತೈತಿ.” ಇಬ್ಬರೂ ನಕ್ಕೆವು. ಆ ನಗು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಕೆಯಾಗುತ್ತದೆ.

ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎನ್ನುವುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ನನ್ನವ್ವನಂತೂ ಇದರಲ್ಲಿ ಬಲು ಕಟ್ಟುನಿಟ್ಟು. ಒಮ್ಮೆ ಹಾಗೆ ಕೇಳಿದ್ದಕ್ಕೆ ತಲೆಗೆ ಮೊಟಕಿದ್ದಳು. ‘ದೂರ ಹೊಂಟೀರೇನು’ ಎಂದೇ ಕೇಳಬೇಕು. ನಾನೂ ಬೀದಿಯ ಬಾಯಲ್ಲಿ ಹಾಗೇ ಕೇಳುತ್ತಿದ್ದೆ. ದವಾಖಾನೆಯವರಾದರೆ ತಾವಾಗಿಯೇ ಹೇಳುತ್ತಿದ್ದರು, ಬಿಡುತ್ತಿದ್ದೆ. ಮೂರು ತಿಂಗಳು ಹಾಗೇ ನಡೆಯಿತು.

ಒಂದು ಸಂತೆಯ ದಿನ ಮಧ್ಯಾಹ್ನ ಘೋಡಗೇರಿಯ ಕುರುಬರ ಬೀರಸಿದ್ದಪ್ಪ ಸೈಕಲ್ಲು ದೂಡುತ್ತ ಬಂದ. ಆಗ ಅವನ ಹೆಸರು ನನಗೆ ಗೊತ್ತಿರಲಿಲ್ಲ. ಮೀಸೆ ಆಗಷ್ಟೇ ದಟ್ಟವಾಗುತ್ತಿದ್ದ ವಯಸ್ಸು. ಹಿಂದಿನ ಕ್ಯಾರಿಯರ್ ಮೇಲೆ ಹೆಂಡತಿ ಮಾಯವ್ವ, ತಲೆಯಿಂದ ಮೊಣಕಾಲವರೆಗೆ ಕಂಬಳಿ ಹೊದ್ದು, ಸೀಟಿಗೆ ಹಣೆ ಹಚ್ಚಿ ಕೂತಿದ್ದಳು.

“ದೂರ ಹೊಂಟೀರೇನು?” ಎಂದೆ.

ಅವನು ನನ್ನ ಖಾಕಿ ನೋಡಿದ, ಬಾವುಟ ನೋಡಿದ. “ಇಲ್ರಿ ಸಾಹೇಬ್ರ, ಇಲ್ಲೇರಿ,” ಎಂದು ಬೀದಿಯ ಆ ತುದಿಗೆ ಗದ್ದ ಎತ್ತಿ ತೋರಿಸಿದ.

“ಇಲ್ಲೇ ಅಂದ ಮ್ಯಾಲೆ ಏನ ಗಡಿಬಿಡಿ? ಕೆರಿ ರಸ್ತಾ ಹಿಡದು ಹೋಗು.”

ಅವನು ಏನೋ ಹೇಳಲು ಬಾಯಿ ತೆರೆದ. ಕಂಬಳಿಯೊಳಗಿಂದ ಒಂದು ಕೈ ಬಂದು ಅವನ ಅಂಗಿ ಜಗ್ಗಿತು. ಹೆಂಗಸಿನ ನೋವು, ಸಂತೆಯ ಮಂದಿಯ ನಡುವೆ ಪರಗಂಡಸಿನ ಮುಂದೆ ಆಡುವ ಮಾತೇ ಅದು? ಅವನು ಬಾಯಿ ಮುಚ್ಚಿಕೊಂಡು ಸೈಕಲ್ಲು ತಿರುಗಿಸಿದ. ಸಂತೆಗೆ ಬಂದ ಗಂಡಹೆಂಡಿರು ಎಂದುಕೊಂಡು ನಾನು ಬೆಲ್ಲದ ಚಕ್ಕಡಿಯವನೊಂದಿಗೆ ಜಗಳಕ್ಕೆ ನಿಂತೆ.

ಮಾಯವ್ವನಿಗೆ ಏಳು ತಿಂಗಳಾಗಿತ್ತು, ಬೆಳಗಿನಿಂದ ರಕ್ತ ಹೋಗುತ್ತಿತ್ತು. ಕೆರೆ ರಸ್ತೆಯ ಹೊಂಡಗಳಲ್ಲಿ ಎರಡು ಸಲ ಅವಳನ್ನು ಇಳಿಸಿ ನೆಲಕ್ಕೆ ಮಲಗಿಸಿದನಂತೆ. ದವಾಖಾನೆಗೆ ಮುಟ್ಟಿದಾಗ ಜೀವವಿತ್ತು. ಸಂಜೆಯಷ್ಟರಲ್ಲಿ ಕೂಸೂ ಇಲ್ಲ, ತಾಯಿಯೂ ಇಲ್ಲ.

ಮೂರನೆಯ ದಿನ ಕಚೇರಿಯಲ್ಲಿ ವಿಚಾರಣೆ. ಮಾಯವ್ವನ ತಾಯಿ ಶೆಟ್ಟೆವ್ವ ಹೊಸ್ತಿಲಲ್ಲೇ ಕೂತಿದ್ದಳು. ಮಣ್ಣು ಮಾಡಿ ಬಂದಾಗಿನಿಂದ ಅವಳು ಅಳಿಯನಿಗೆ ಒಂದೇ ಮಾತು ಕುಟ್ಟುತ್ತಿದ್ದಳಂತೆ: “ದವಾಖಾನಿ ಅನ್ನಾಕ ನಿನಗ ಬಾಯಿ ಇರಲಿಲ್ಲೇನೋ?” ಬೀರಸಿದ್ದಪ್ಪ ಹೊರಗೆ ಬೇವಿನ ಗಿಡದ ಕೆಳಗೆ ಮೊಣಕಾಲಲ್ಲಿ ತಲೆ ಇಟ್ಟು ಕೂತಿದ್ದ. ಮೂರು ದಿನ ನೀರೂ ಮುಟ್ಟಿರಲಿಲ್ಲವಂತೆ.

“ಶಿದ್ರಾಮ, ಖರೆ ಹೇಳು,” ಎಂದರು ಸಾಹೇಬರು. “ದವಾಖಾನಿಗೆ ಅಂತ ಅಂವ ಅಂದಿದ್ದನೋ ಇಲ್ಲೋ?”

ಇಲ್ಲ ಎಂದಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಅದೇ ಖರೆಯೂ ಆಗಿತ್ತು. ಆದರೆ ಒಂದು ಮಾತು ಅಂದಿದ್ದರೆ ಹೆಂಡತಿ ಬದುಕುತ್ತಿದ್ದಳು ಎಂಬುದು ಖಾತ್ರಿಯಾಗಿ ಆ ಗಿಡದ ಕೆಳಗೆ ಕೂತವನ ಕಿವಿಗೆ ಮುಟ್ಟಿದರೆ ಅವನು ಕೆರೆಗೇ ಹಾರುತ್ತಾನೆ ಎಂದು ನನಗನ್ನಿಸಿತು. ಎರಡು ಜೀವ ಹೋಗಿದ್ದವು, ಮೂರನೆಯದು ನನಗೆ ಬೇಕಿರಲಿಲ್ಲ.

“ಅಂದಿದ್ದನ್ರಿ,” ಎಂದೆ. “ಕೈ ಮುಗದು ಅಂದಿದ್ದ. ನಾನ ಬಿಡಲಿಲ್ಲ.”

ಶೆಟ್ಟೆವ್ವ ಎದ್ದು ಬಂದು ಎಲ್ಲರೆದುರು ನನ್ನ ಕಪಾಳಕ್ಕೆ ಹೊಡೆದಳು. ಸಂಜೆಗೆ ಖಾಕಿ ಬಿಚ್ಚಿ ಕೊಟ್ಟೆ. ಒಬ್ಬ ಜವಾನನ ಮರ್ಜಿಗೆ ಜನರ ಜೀವ ಒಪ್ಪಿಸಬಾರದು ಎಂದು ಹಿರಿಯರೆಲ್ಲ ಗದ್ದಲ ಎಬ್ಬಿಸಿದರು. ಬೋರ್ಡು ಕಿತ್ತರು, ಲಾರಿಗಳನ್ನು ಕೆರೆ ರಸ್ತೆಗೆ ಅಟ್ಟಿದರು, ಬೀದಿ ಎರಡೂ ಕಡೆಗೆ ತೆರೆಯಿತು.

ಅದಾಗಿ ಎಂಟು ದಿನಕ್ಕೆ ಬೀರಸಿದ್ದಪ್ಪ ನನ್ನ ಮನೆಗೆ ಬಂದ. ಕೂಡು ಎಂದರೆ ಕೂಡಲಿಲ್ಲ.

“ನಾ ದವಾಖಾನಿ ಅಂದಿರಲಿಲ್ಲರಿ. ನೀವ್ಯಾಕ ಹಂಗ ಹೇಳಿದ್ರಿ?”

ನಾನು ನೀರಿನ ತಂಬಿಗೆ ಮುಂದೆ ಮಾಡಿದೆ. ಅವನು ಮುಟ್ಟಲಿಲ್ಲ.

“ಒಂದ ಮಾತು ಹೇಳ್ರಿ, ಸಾಕು. ನಾ ಅಂದಿದ್ರ ಬಿಡತಿದ್ರೇನ್ರಿ?”

ಎಂಟು ದಿನದಲ್ಲಿ ಅವನ ಕಣ್ಣು ಗುಳಿ ಬಿದ್ದಿದ್ದವು. ಎದುರಿಗೆ ನಿಂತು ನೋಡಲಾಗುತ್ತಿರಲಿಲ್ಲ. ದನಿ ನಡುಗದಂತೆ ನೋಡಿಕೊಂಡೆ.

“ಬಿಡತಿರಲಿಲ್ಲ,” ಎಂದೆ. “ಅವತ್ತ ನನಗ ಸೊಕ್ಕು ಬಂದಿತ್ತು. ನೀ ಏನಂದಿದ್ರೂ ಬಿಡತಿರಲಿಲ್ಲ.”

ಅವನು ನನ್ನ ಮುಖ ನೋಡಿದ. ನಂಬಿದ. ಉಸಿರು ಬಿಟ್ಟ, ಆಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅತ್ತು ಮುಗಿದ ಮೇಲೆ ಎದ್ದು ನನ್ನ ಅಂಗಿಯ ಕೊರಳಪಟ್ಟಿ ಹಿಡಿದ. ಅಲ್ಲಿಯವರೆಗೆ ‘ರಿ’ ಹಚ್ಚಿ ಮಾತಾಡಿದವನು ಈಗ ಏಕವಚನಕ್ಕೆ ಇಳಿದಿದ್ದ.

“ನನ್ನ ಮಾಯವ್ವನ್ನ ನೀ ಕೊಂದಿ,” ಎಂದ.

“ಹೌದಪಾ, ನಾನ ಕೊಂದೆ,” ಎಂದೆ.